ಜಂತಿಗಿ ಜೋತುಬಿದ್ದ ಇತಿಹಾಸ

ನನ್ನ ತಮ್ಮಗ ವಯಸ್ಸಾದ ಮ್ಯಾಲ ಹುಚ್ಚು ಹಿಡೀತು ಅಂತ ನಮ್ಮ ಬನಹಟ್ಟಿ ಓಣಿ ಮಂದಿ ಅಂತಾರ. ಇದು ಶುದ್ಧ ಸುಳ್ಳು. ಹುಚ್ಚು ಮೊದಲಿಂದ ಇತ್ತು. ಸರಕಾರ ಅದನ್ನ ಮುಂಜಾನಿಂದ ಸಂಜಿ ತನಕ ಸಾಲ್ಯಾಗ ಕೂಡಿಹಾಕಿ, ಪಗಾರ ಕೊಟ್ಟು ಸಾಕಿತ್ತು. ಆಮ್ಯಾಲ ಕೊರಳಿಗಿ ಹಾರ ಹಾಕಿ, ಕೈಯಾಗೊಂದು ತೆಂಗಿನಕಾಯಿ ಕೊಟ್ಟು ಓಣ್ಯಾಗ ಬಿಟ್ಟಿತು. ಈಗ ಅನುಭೋಗಿಸೋರು ನಾವು.

ಅಂವ ಕನ್ನಡ ಸಾಲಿ ಮಾಸ್ತರ. ಬಾಡಗಂಡಿ ಕಡೆ ಕಬ್ಬಿನ ನಡುವಿನ ಸಾಲ್ಯಾಗ ಕಲಿಸಿದ, ರನ್ನ ಬೆಳಗಲ್ಯಾಗ ಕಲಿಸಿದ. ಬೀಳಗಿ ಕಡೆ ಒಂದು ಹಳ್ಯಾಗ ಕುರಿ ಕಾಯೋ ಮಂದಿ ಮಕ್ಕಳು ಸಾಲಿಗಿ ಬರವಲ್ರು ಅಂತ ತಾನ ಕುರಿ ಹಿಂದ ಹ್ವಾದ. ಕರಿ ಹಲಗಿ ಹೆಗಲ ಮ್ಯಾಲ ಹೊತ್ಗೊಂಡು ಕುರಿ ಹಟ್ಯಾಗ ಪಾಠ ಮಾಡಿದ. ಹುಡುಗೂರು ಎಷ್ಟು ಕಲತ್ರು ಅನ್ನೂದು ಆ ಕುರಿ ಮಂದಿ ದ್ಯಾವರು ಬೀರಪ್ಪಗ ಗೊತ್ತು. ನನ್ನ ತಮ್ಮ ಮಾತ್ರ ಕುರಿ ಹ್ಯಾಂಗ ಕರೀಬೇಕು ಅನ್ನೂದನ್ನ ಪಸಂದ ಕಲತು ಬಂದ. ಈಗೂ ಮೊಮ್ಮಕ್ಕಳನ್ನ ಊಟಕ್ಕ ಹಂಗ ಕರೀತಾನ. ಏನ್ ಹೇಳ್ಲಿ, ಅವೂ ಬರತಾವು.

ಅವನ ಮನಿ ನನ್ನ ಮನಿ ಗ್ವಾಡಿಗಿ ಗ್ವಾಡಿ. ಅವನ ಸೊಸಿ ಬಾಳ ಶಾಣ್ಯಾಕಿ. "ಮಾವಾರ, ನಿಮ್ಮ ಅಕ್ಕಾರು ಒಬ್ಬರ ಕುಂತಾರ ನೋಡ್ರಿ, ಪಾಪ" ಅಂತ ದಿನಾ ಮುಂಜಾನಿ ಇವನನ್ನ ನನ್ನ ಕಟ್ಟಿಗಿ ದಬ್ಬತಾಳ. ನಾನೇನು ಪಾಪ ಅಲ್ಲ, ನಾ ಒಬ್ಬಾಕಿನ ಇದ್ರ ಆರಾಮ ಇರತೇನಿ. ಇಂವ ಬಂದು ಕುಂತು ನಾ ಜ್ವಾಳ ಹಸನ ಮಾಡೂದ್ರಾಗ ತಪ್ಪ ತಗೀತಾನ. "ಅಕ್ಕಾ, ಎಡದಿಂದ ಬಲಕ್ಕ ಆರಸಬೇಕು." ಜ್ವಾಳಕ್ಕ ಎಡಾ ಬಲಾ ಎಲ್ಲೈತ್ರಿ?

ಹಿಂಗಿರೂವಾಗ ಒಂದಿನ ಎದುರಮನಿ ಸೃಷ್ಟಿ ಯೂನಿಫಾರ್ಮ್ ಹಾಕ್ಕೊಂಡು ಹಳದಿ ಬಸ್ಸಿನ ದಾರಿ ಕಾಯಕೋತ ನಿಂತಿದ್ಲು. ಇಂವ ಹಿಡದ.

"ಏ ಹುಡುಗಿ, ಸಾಲಿ ಹ್ಯಾಂಗ ಬಂತು ಗೊತ್ತೇನ?"

"ಇನ್ನಾ ಬಂದಿಲ್ಲ ಸರ್, ಮಹಾಲಿಂಗಪುರ ಬಸ್ ಸ್ಟ್ಯಾಂಡ್ ಕಡೆ ಗರ್ದಿ ಐತಂತ."

"ಬಸ್ಸಲ್ಲವಾ, ಸಾಲಿ. ಸಾಲಿ ಮೊದಲ ಯಾರ ಕಟ್ಟಿದ್ರು?"

ಹುಡುಗಿ ವಿಚಾರ ಮಾಡಿ ಹೇಳಿದ್ಲು. "ಜೇಸೀಬಿ."

ಅವತ್ತು ನನ್ನ ತಮ್ಮ ಊಟ ಬಿಟ್ಟ. ಬಿಟ್ಟ ಅಂದ್ರ, ಕಡೀ ರೊಟ್ಟಿ ಬಿಟ್ಟ. "ಅಕ್ಕಾ, ಇವು ಸಾಲಿ ಅಂದ್ರ ಬೇವಿನ ಗಿಡದಂಗ ತಾನ ಹುಟ್ಟೇತಿ ಅಂತ ತಿಳಕೊಂಡಾವು. ಬಂದದ್ದು ಗೊತ್ತಿಲ್ಲದಾವ್ರಿಗಿ ಹೋಗೂದೂ ಗೊತ್ತಾಗೂದಿಲ್ಲ" ಅಂದ. ನಮ್ಮ ಓಣಿ ಸರಕಾರಿ ಸಾಲ್ಯಾಗ ಈಗ ಮಕ್ಕಳಿಗಿಂತ ಗುಬ್ಬಿ ಜಾಸ್ತಿ ಅವ. ಅದು ಅವನ ಹೊಟ್ಯಾಗಿನ ಮುಳ್ಳು. ನಾ ಅಂದೆ, "ನಿನ್ನ ರೊಟ್ಟಿ ಆರಾಕತ್ತೈತಿ."

ಆತು. ಶನಿವಾರ ಮಧ್ಯಾಹ್ನ, ಸಾಲಿ ಬಿಟ್ಟ ಮ್ಯಾಲ, ಓಣಿ ಹನಮಪ್ಪನ ಗುಡ್ಯಾಗ ಸಾಲಿ ಇತಿಹಾಸದ ಪಾಠ ಸುರು. ಪುಸ್ತಕ ಇಲ್ಲ. ಅವನ ವಾದ ಏನಂದ್ರ, ಬಾಯಿಲೆ ಹೇಳಿದ್ದು ಕಿವೀತನಾ ಹೋಗತೈತಿ, ಕುಂಡ್ರಿಸಿ ಮಾಡಿಸಿದ್ದು ತೆಲೀತನಾ ಹೋಗತೈತಿ.

ಮೊದಲನೇ ಶನಿವಾರ ಐಗಳ ಸಾಲಿ. ಸರಕಾರಿ ಸಾಲಿ ಬರೂಕಿಂತ ಮೊದಲ ಊರೂರಿಗಿ ಒಬ್ಬ ಐಗಳು ಗುಡ್ಯಾಗ ಕುಂತು ಉಸುಕಿನ ಮ್ಯಾಲ ಬೆರಳ ತೀಡಿಸಿ ಅಕ್ಷರ ಕಲಸ್ತಿದ್ರು. ಅವರಿಗಿ ಪಗಾರ ಇಲ್ಲ, ಮನಿಗೊಂದು ಬೊಗಸಿ ಜ್ವಾಳ. ಇಂವ ಗುಡಿ ತುಂಬ ಉಸುಕು ಹಾಸಿದ. ಮಕ್ಕಳಿಗಿ ಬೊಗಸಿ ಜ್ವಾಳ ತರಾಕ ಹೇಳಿದ. ಈಗಿನ ಮಕ್ಕಳಿಗಿ ಜ್ವಾಳದ ಡಬ್ಬಿ ಎಲ್ಲಿರತೈತಿ ಅಂತ ಗೊತ್ತೇನು? ಒಂದು ಬಿಸ್ಕೀಟ ಪುಡಾ ತಂತು, ಒಂದು ಕುರಕುರಿ ತಂತು, ಒಂದು ಅವರವ್ವ ಹಿಟ್ಟಿಗಿ ಹೊಂದಿಸಿ ಇಟ್ಟ ಹತ್ತಿಪ್ಪತ್ತು ದಿನದ ಜ್ವಾಳದ ಚೀಲಾನ ಜಗ್ಗಿಕೊಂಡು ಬಂತು. ಚೀಲ ತಿರುಗಿ ಕಳಿಸಿದ. ಬಿಸ್ಕೀಟ ಕಳಿಸಲಿಲ್ಲ.

"ಐಗಳು ಬಿಸ್ಕೀಟ ತಿಂತಿದ್ರೇನಲೇ?" ಅಂತ ಕೇಳಿದೆ.

"ಸಿಕ್ಕಿರಲಿಲ್ಲಕ್ಕಾ. ಸಿಕ್ಕಿದ್ರ ಬ್ಯಾಡ ಅಂತಿದ್ದಿಲ್ಲ."

ಮುಂದಿನ ವಾರ ರಾಜರ ಕಾಲ. ಜಮಖಂಡಿಗೊಬ್ಬ ರಾಜ, ಮುಧೋಳಕ್ಕೊಬ್ಬ ರಾಜ ಇದ್ದ ಕಾಲದಾಗ ಸಾಲಿ ನೋಡಾಕ ಸಾಹೇಬರು ಹ್ಯಾಂಗ ಬರ್ತಿದ್ರು ಅನ್ನೂದು ಪಾಠ. ಇವನ ಕತ್ಯಾಗ ಮೊದಲ ಸಾಹೇಬರು ಚಕ್ಕಡಿ ಮ್ಯಾಲ ಬಂದ್ರು. ಮಕ್ಕಳು ಆಕಳಸಿದ್ವು. ಸಾಹೇಬರು ಕುದರಿ ಏರಿದ್ರು. ಹಿಂದ ಕುಂತ ಒಂದು ಹುಡುಗ ಮೊಬೈಲ್ ತಗದ. ತಡಾ ಇಲ್ಲ, ಖುದ್ದ ರಾಜಾನ ಆನಿ ಮ್ಯಾಲ ಬಂದ, ಅವನ ಹಿಂದ ಮುಧೋಳ ನಾಯಿ ಸಾಲು ಹಚ್ಚಿ ಬಂದು ಸಾಲಿ ಬಾಗಲದಾಗ ಕುಂತುವು. ಮನಿಗಿ ಬಂದ ಮ್ಯಾಲ ಕೇಳಿದೆ.

"ಆನಿ ನೀ ನೋಡಿಯೇನು?"

"ಇತಿಹಾಸ ನೋಡೂದಲ್ಲಕ್ಕಾ, ಹೇಳೂದು."

"ಹಂಗಾದ್ರ ನಮ್ಮ ಮನಿ ಮುಂದೂ ಒಂದು ಆನಿ ಕಟ್ಟು."

ಮೂರನೇ ವಾರದ್ದು ಇನ್ನೂ ಮಜಾ. ಹಳೇ ಸಾಲಿಗಿ ಅಮಾಸಿಗೊಂದು ಹುಣ್ಣಿಮಿಗೊಂದು ಸೂಟಿ ಇರ್ತಿತ್ತು ಅಂತ ಇಂವ ಹೇಳಿಬಿಟ್ಟ. ಎಲ್ಲಾ ಮರತ ಮಕ್ಕಳು ಇದೊಂದನ್ನ ಮರೀಲಿಲ್ಲ. ಅಮಾಸಿ ದಿನ ಓಣ್ಯಾಗ ಒಂದು ಹುಡುಗೂ ಸಾಲಿಗಿ ಹೋಗಲಿಲ್ಲ. ಅಪ್ಪಗೋಳು ಬೈಬೇಕಲ್ಲ? ನಮ್ಮದು ನೇಕಾರ ಓಣಿ, ಅಮಾಸಿಗಿ ನಾವೂ ಮಗ್ಗಕ್ಕ ಕೈ ಹಚ್ಚೂದಿಲ್ಲ. "ನಮ್ಮ ಮಗ್ಗ ನಿಂದ್ರತೈತಿ ಅಂದ್ರ ಅವರ ಮಗ್ಗೀನೂ ನಿಂದ್ರಲಿ ಬಿಡ್ರಿ" ಅಂತ ಗಂಡಸರು ನಕ್ಕೋತ ಕುಂತ್ರು. ಹೆಂಗಸರು ನಗಲಿಲ್ಲ. ಮಕ್ಕಳು ದಿನಾಪೂರ್ತಿ ಮನ್ಯಾಗಿದ್ದದ್ದು ಅವರ ತೆಲಿ ಮ್ಯಾಲ.

ಅದೂ ಹೋಗ್ಲಿ ಅಂದ್ರು. ಆದರ ನಾಕನೇ ಶನಿವಾರ ಇಂವ ಶಿಕ್ಷಾ ಪಾಠ ತಗದ. ಐಗಳ ಕಾಲದಾಗ ಪಾಠ ಒಪ್ಪಿಸದಾವರನ್ನ ಜಂತಿಗಿ ಹಗ್ಗ ಹಾಕಿ, ಕೈಲೆ ಹಗ್ಗ ಹಿಡಿಸಿ ಜೋತುಬಿಡ್ತಿದ್ರಂತ. ಯಾರನ್ನ ಜೋತುಬಿಟ್ಟು ತೋರಸಬೇಕು? ಮಂದಿ ಮಕ್ಕಳನ್ನ ಜೋತುಬಿಟ್ರ ಠಾಣೇಕ್ಕ ಹೋಗಬೇಕಾಗತೈತಿ ಅನ್ನೂವಷ್ಟು ಶಾಣ್ಯಾತನ ಇತ್ತು. ಅದಕ್ಕ ತಾನ ಜೋತುಬಿದ್ದ. ಕಾಲಾಗಿನ ಸ್ಟೂಲ್ ತಾನ ಒದ್ದ. ಆಮ್ಯಾಲ ಇಳೀಯೂದು ಹ್ಯಾಂಗ ಅನ್ನೂದು ಇತಿಹಾಸದಾಗ ಇರಲಿಲ್ಲ.

"ಸ್ಟೂಲ್ ತರ್ರೆಲೇ" ಅಂತ ಒದರಿದ. ಮಕ್ಕಳು ಇದೂ ಪಾಠದಾಗಿನ ಮಾತ ಅಂತ ತಿಳದು "ಸ್ಟೂಲ್ ತರ್ರೆಲೇ" ಅಂತ ಒಕ್ಕೊರಲಿಲೆ ಹೇಳಿದ್ವು. ಮಾಸ್ತರ ಹೇಳಿದ್ದನ್ನ ತಿರುಗಿ ಹೇಳಬೇಕು ಅಂತ ಇಂವ ಕಲಿಸಿದ್ದ. ಅಷ್ಟರಾಗ ಪೂಜಾರಿ ಬಂದ, ಗುಡ್ಯಾಗ ಮುದುಕ ಜೋತಾಡೂದ ನೋಡಿ ಬೊಬ್ಬಿ ಹೊಡದ. ಆ ಬೊಬ್ಬಿ ಕೇಳಿ ಓಡಿ ಬಂದ ನಾನೂ ಪೂಜಾರೀನೂ ಕೂಡಿ ಇತಿಹಾಸ ಕೆಳಗಿಳಿಸಿದ್ವಿ.

ಸಂಜೀಕ ಸೃಷ್ಟಿ ಅವ್ವ ಮಂಜುಳಾ ನನ್ನ ಕಟ್ಟಿಗಿ ಬಂದ್ಲು. ಪಾವರ್ ಲೂಮಿನ ಗದ್ದಲದಾಗ ಮಾತಾಡಿ ಮಾತಾಡಿ ಅಕಿ ದನಿ ಮೊದಲ ದೊಡ್ಡದು.

"ದೊಡ್ಡವ್ವಾ, ಮಕ್ಕಳು ತೆಲಿ ತುಂಬ ಉಸುಕು ಮಾಡ್ಕೊಂಡ ಬಂದ್ರು, ಸುಮ್ಮಿದ್ವಿ. ಅಮಾಸಿ ಸೂಟಿ ಮಾಡಿದ್ರು, ಸುಮ್ಮಿದ್ವಿ. ನಾಳೆ ನಮ್ಮ ಹುಡುಗಿ ಫ್ಯಾನಿಗಿ ಜೋತುಬಿದ್ರ ಏನ್ ಮಾಡ್ಲಿ? ಓಣಿ ಹಿರ್ಯಾರಿಗಿ ಹೇಳೇವಿ. ಮುಂದಿನ ಶನಿವಾರ ಬಂದು ಕುಂತು ನೋಡ್ತಾರ. ಇಂಥಾದ ನಡದಿತ್ತಂದ್ರ ಗುಡಿಗಿ ಕೀಲಿ."

ಅಕಿ ಮಾತು ಖರೆ ಇತ್ತು. ಆದರ ಗುಡಿಗಿ ಕೀಲಿ ಬಿದ್ರ ಇಂವ ಎಲ್ಲಿ ಹೋಗ್ತಾನ? ವಾರ ಪೂರ್ತಿ ಶನಿವಾರದ ಪಾಠ ಜೋಡಸೂದ್ರಾಗ ನನ್ನ ಜ್ವಾಳದ ಎಡಾ ಬಲಾ ಮರತಿದ್ದ. ಈಗ ಏಳೂ ದಿನ ನನ್ನ ಕಟ್ಟಿ ಮ್ಯಾಲ. ಅದೂ ಹೋಗ್ಲಿ, ಅವತ್ತಿಂದ ಇಂವ ಬಾಯಿ ಬಿಡವಲ್ಲ. ಇವನ ಮಾತು ತಡಕೋಬಹುದು, ಇವನ ಮೌನ ತಡಕೊಳ್ಳಾಕ ಆಗೂದಿಲ್ಲ. ಶುಕ್ರವಾರ ಬಾಯಿ ಬಿಟ್ಟ.

"ಅಕ್ಕಾ, ನಾಳೆ ನೀ ಗುಡಿಗಿ ಬಾ."

"ನಾ ಬಂದು ಏನ್ ಮಾಡ್ಲಿ? ನಾ ಸಾಲಿಗಿ ಹೋದಾಕಿ ಅಲ್ಲ."

"ಅದಕ್ಕ ಬಾ. ಸಾಲಿಗಿ ಹೋದವರ ಕತಿ ನಾ ಹೇಳತೇನಿ. ಹೋಗದವರ ಕತಿ ಯಾರ ಹೇಳಬೇಕು?"

ಹ್ವಾದೆ. ಇತಿಹಾಸಕ್ಕಲ್ಲ, ನನ್ನ ಕಟ್ಟಿ ಸಲುವಾಗಿ.

ಗುಡ್ಯಾಗ ಹಿರ್ಯಾರು ಕಂಬಕ್ಕ ಆತು ಕುಂತಿದ್ರು. ಹೆಂಗಸರ ನಡುವ ಮಂಜುಳಾ, ಕೈ ಕಟಗೊಂಡು. ಅವತ್ತು ಉಸುಕಿಲ್ಲ, ಹಗ್ಗಿಲ್ಲ, ಆನೀನೂ ಇಲ್ಲ. ನನ್ನ ತಮ್ಮ ಸುಮ್ಮ ನಿಂತು, ನಮ್ಮ ಓಣಿಗಿ ಸರಕಾರಿ ಸಾಲಿ ಬಂದ ಕತಿ ಹೇಳಿದ. ಒಬ್ಬ ನೇಕಾರನ ಪಡಸಾಲ್ಯಾಗ ಸಾಲಿ ಬಂತು. ಮಾಸ್ತರ ಪರಊರಾವರು. ಮನಿ ಮನಿಗಿ ಬಂದು ಹುಡುಗೂರನ್ನ ಕೇಳ್ತಿದ್ರು. ಹುಡುಗ ಸಾಲಿಗಿ ಹ್ವಾದ್ರ ಮಗ್ಗಕ್ಕೊಂದು ಕೈ ಕಡಿಮಿ. ಅದಕ್ಕ ಅಪ್ಪಗೋಳು ಮಕ್ಕಳನ್ನ ಮಗ್ಗದ ಕುಣ್ಯಾಗ, ಕಾಲ ಇಳಿಬಿಟ್ಟು ಕುಂಡ್ರತಾರಲ್ಲ ಆ ತೆಗ್ಗಿನಾಗ, ಅಡಗಸ್ತಿದ್ರು. ಮಾಸ್ತರು ಬರಬರತ ಶಾಣ್ಯಾ ಆದ್ರು. ಬಂದಾವರು ಯಾರನ್ನೂ ಕೇಳದ ಸೀದಾ ಕುಣ್ಯಾಗ ಬಗ್ಗಿ ನೋಡಿ, "ಬಾರಪಾ ತಮ್ಮಾ" ಅಂತಿದ್ರು.

ಮಕ್ಕಳು ನಕ್ಕುವು. ಹಿರ್ಯಾರೊಳಗ ಒಬ್ಬರು, "ನನ್ನ ಕಿವಿ ಹಿಡದ ಎತ್ತಿದ್ರು" ಅಂತ ಕಿವಿ ಮುಟ್ಟಿ ನೋಡಿಕೊಂಡ್ರು.

"ಅಜ್ಜೀ, ನೀವೆಲ್ಲಿ ಅಡಗಿದ್ರಿ?" ಅಂತ ಸೃಷ್ಟಿ ನನಗ ಕೇಳಿದ್ಲು.

"ನಾ ಅಡಗಲಿಲ್ಲವಾ. ನನ್ನನ್ನ ಯಾರೂ ಹುಡುಕಲಿಲ್ಲ."

ನಾ ಅಳಸಾಕ ಹೇಳಿದ ಮಾತಲ್ಲ ಅದು, ಇದ್ದದ್ದು ಹೇಳಿದೆ. ಹೆಣ್ಣ ಹುಡುಗೂರು ರಾಟಿ ಮುಂದ ಕುಂತು ಲಾಳಿ ಒಳಗಿನ ಕಂಡಿಕಿಗಿ ನೂಲು ಸುತ್ತತಿದ್ವಿ, ನಮ್ಮ ಕೈ ಬಿಟ್ರ ಮಗ್ಗಕ್ಕ ನೂಲ ಇಲ್ಲ. ಆಮ್ಯಾಲ ಇನ್ನೊಂದು ನೆನಪಾತು, ಅದನ್ನೂ ಹೇಳಿದೆ. ಇವನನ್ನ ಬಿನ್ನೆತ್ತಿಗಿ, ಅಂದ್ರ ಒಂದನೇತ್ತಕ್ಕೂ ಮೊದಲಿನ ವರ್ಗಕ್ಕ, ಹಚ್ಚಿದಾಗ ಇಂವ ಸಾಲಿ ಹಾರಿ ಹೋಗೂವಂಗ ಅತ್ತ. ಯಾರ ಸಂತೈಸಿದ್ರೂ ಕೇಳಲಿಲ್ಲ. ಮಾಸ್ತರು ಬ್ಯಾಸತ್ತು, "ಇವನ ಅಕ್ಕನ್ನ ಕಳಸ್ರಿ, ಅಳು ನಿಲ್ಲೂತನಾ ಬಾಜೂಕ ಕುಂಡ್ರಲಿ" ಅಂದ್ರು. ಮಳಿಗಾಲ ಮುಗಿಯೂತನಾ ಕುಂತೆ. ಇವನ ಪಾಟಿ ಮ್ಯಾಲ ಬರದದ್ದನ್ನ ನಾನೂ ನೋಡಿದೆ, ಬೆರಳಿಲೆ ನೆಲದ ಮ್ಯಾಲ ತೀಡಿದೆ. ಅಷ್ಟ ನನ್ನ ಓದು. ಒಂದಿನ ಇಂವ ಅಳೂದು ಬಿಟ್ಟ. ಮರುದಿನ ನಾ ರಾಟಿ ಮುಂದ. ಇವನ ಅಳು ನಿಂತಿತು, ನನ್ನ ಸಾಲಿ ಮುಗೀತು.

ಮಕ್ಕಳು ಕಿಸಕ್ ಅಂದುವು. ಅಷ್ಟು ದೊಡ್ಡ ಮಾಸ್ತರ ಅಳುಬುರುಕ ಆಗಿದ್ದ ಅನ್ನೂದು ಅವಕ್ಕ ಆನಿಗಿಂತ ರುಚಿ ಹತ್ತಿತು.

"ಯಾಕ ಅಳ್ತಿದ್ರಿ ಸರ್, ಮಾಸ್ತರ ಹೊಡೀತಿದ್ರೇನ್ರಿ?" ಸೃಷ್ಟಿ ಬಿಡಲಿಲ್ಲ.

"ಇಲ್ಲವಾ, ಛಲೋ ಮಾಸ್ತರು. ಮೊದಲ ನಾಕು ದಿನ ಅಂಜಿ ಅತ್ತೆ. ಆಮ್ಯಾಲ ಅಂಜಿಕಿ ಹೋತು."

"ಮತ್ತ ಮಳಿಗಾಲ ಪೂರ್ತಿ ಅತ್ತೀರಂತ?"

ನನ್ನ ತಮ್ಮ ನನ್ನ ಕಡೆ ನೋಡಲಿಲ್ಲ. ಮಕ್ಕಳಿಗಿ ಹೇಳೂವಂಗ ಹೇಳಿದ. "ನಾ ಸುಮ್ಮಾದ್ರ ಅಕ್ಕನ್ನ ಮನಿಗಿ ಕಳಸ್ತಿದ್ರು."

"ಹಂಗಾದ್ರ ಯಾಕ ನಿಲ್ಲಿಸಿದ್ರಿ?"

"ಅತ್ತು ಅತ್ತು ದನಿ ಬಿತ್ತವಾ. ಬರೇ ಬಾಯಿ ತಗದ್ರ ಮಾಸ್ತರಿಗಿ ಕೇಳಬೇಕಲ್ಲ."

ಹೊರಗ ಪಾವರ್ ಲೂಮ್ ಖಟಕ್ ಖಟಕ್ ಅನ್ನಾಕತ್ತಿದ್ವು. ಇಷ್ಟು ವರ್ಷ ಗ್ವಾಡಿಗಿ ಗ್ವಾಡಿ ಹಚ್ಚಿ ಬಾಳೇ ಮಾಡೇವಿ, ಜ್ವಾಳದ ಎಡಾ ಬಲಾ ಹೇಳಿದ, ಇದೊಂದು ಹೇಳಿರಲಿಲ್ಲ ಈ ಮಾರಾಯ. ನಾ ಸೆರಗು ಸರಿ ಮಾಡ್ಕೊಂಡೆ, ಕಂಬ ನೋಡಿದೆ, ಹನಮಪ್ಪನ್ನ ನೋಡಿದೆ. ನೋಡಾಕ ಮತ್ತೇನೂ ಉಳೀಲಿಲ್ಲ.

ಹಿರ್ಯಾರು ಕೆಮ್ಮಿದ್ರು. "ಪಾಠ ನಡೀಲಿ. ಹಗ್ಗ ಮಾತ್ರ ಬ್ಯಾಡ ಮಾಸ್ತರ" ಅಂದ್ರು. ಮಂಜುಳಾ ಕಟ್ಟಿದ ಕೈ ಬಿಟ್ಟು, "ಉಸುಕು ಝಾಡಿಸಿ ಕಳಸ್ರಿ" ಅಂತ ಅಷ್ಟ ಅಂದು ಸೃಷ್ಟಿನ್ನ ಕರಕೊಂಡು ಹ್ವಾದ್ಲು. ಹೋಗೂವಾಗ ಮಗಳ ಕೈ ಗಟ್ಟಿ ಹಿಡದಿದ್ಲು.

ನಾವಿಬ್ಬರೂ ಮನಿ ಕಡೆ ಹೊಂಟ್ವಿ. ಜೋತುಬಿದ್ದಾಗಿಂದ ಅವನ ಭುಜ ನೋಯಾಕತ್ತಿತ್ತು, ಒಂದು ಕೈ ಎತ್ತಿ ಹಿಡಕೊಂಡು ನಡದಿದ್ದ. ಮನಿ ಮುಂದ ಅಂವ ನಿಂತು ಕೇಳಿದ.

"ಮುಂದಿನ ಶನಿವಾರ ಬರತೀ ಏನಕ್ಕಾ?"

"ಬರತೇನಿ. ಅದಕ್ಕಾಗಿ ನೀ ಮತ್ತ ಅಳಬ್ಯಾಡ."