ಕರುವಿನಂತೆ ಕೂಗುವುದನ್ನು ಬಿಡುವ ಸಲುವಾಗಿ ಶಿಬಿರಕ್ಕೆ ಕಳುಹಿಸಲು ಕೋರಿ

ಇಂದ,
ಅಂಬರೀಷ,
ದ್ವಿತೀಯ ದರ್ಜೆ ಸಹಾಯಕ (ಹಾಗೂ ಮನೆ ಅಳಿಯ),
ಬೆಂಗೇರಿ, ಹುಬ್ಬಳ್ಳಿ.

ಗೆ,
ಮಾನ್ಯ ಪ್ರಾಚಾರ್ಯರು,
ನಮ್ಮ ಪದವಿ ಮಹಾವಿದ್ಯಾಲಯ, ಧಾರವಾಡ.

ವಿಷಯ: ಹೆಬ್ಬಳ್ಳಿಯಲ್ಲಿ ನಡೆಯುವ ವಿದ್ಯಾರ್ಥಿಗಳ ಏಳು ದಿನದ ಸೇವಾ ಶಿಬಿರಕ್ಕೆ ನನ್ನನ್ನೇ ಕಳುಹಿಸುವ ಕುರಿತು.

ಉಲ್ಲೇಖ: 1) ಗಂಟಲು ನೋವಿನ ಕಾರಣ ಸದರಿ ಶಿಬಿರಕ್ಕೆ ಹೋಗಲಾರೆನೆಂದು ಕಳೆದ ವಾರ ನಾನೇ ಕೊಟ್ಟ ಅರ್ಜಿ.
2) ಅದೇ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನು ತಮ್ಮ ಧ್ವನಿಯಲ್ಲಿ ಮಾತಾಡುತ್ತಿದ್ದಾಗ ತಾವು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ್ದು.

ಮಾನ್ಯರೇ,

ಗಂಟಲು ನೋವು ಖರೇ, ಅದು ಬಂದ ದಾರಿ ಮಾತ್ರ ಬೇರೆ ಎಂದು ಈ ಮೂಲಕ ಒಪ್ಪಿಕೊಳ್ಳುತ್ತಾ, ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ.

1. ನನ್ನ ಅತ್ತೆ ಮುರಿಗೆವ್ವನವರು ಒಂದು ಎಮ್ಮೆ ಸಾಕಿದ್ದಾರೆ. ಹೆಸರು ನೀಲವ್ವ. ಈದು ಇಪ್ಪತ್ತೆರಡು ದಿನ. ಬೆಳಿಗ್ಗೆ ಗೋಡೆಯ ಮರೆಯಲ್ಲಿ ಕಟ್ಟಿದ ಕರು ಕೂಗಬೇಕು, ಎಮ್ಮೆ 'ಹೂಂ' ಎಂದು ಉತ್ತರಿಸಬೇಕು, ಆಮೇಲೆ ಕರುವನ್ನು ಬಿಡಬೇಕು, ಅದು ಬಾಯಿ ಹಾಕಿದ ಮೇಲೆಯೇ ಹಾಲು ಇಳಿಯಬೇಕು. ನಮ್ಮ ಕಚೇರಿಯ ಪದ್ಧತಿಯೇ: ಆವಕ, ಜಾವಕ, ಮುಂದಿನ ಕ್ರಮ.

2. ನಮ್ಮ ಹಿತ್ತಲಿನ ಕಂಪೌಂಡ್ ಗೋಡೆಗೆ ಹತ್ತಿಯೇ ಅಸ್ಫಾಕರ ಗ್ರಿಲ್ ಅಂಗಡಿ. ಶಾಲೆಯೊಂದರ ಕಿಟಕಿಗಳ ಕೆಲಸ ಬಂದ ಕಾರಣ ಅವರ ಕಬ್ಬಿಣ ಕೊಯ್ಯುವ ಮಷಿನ್ನು ಬೆಳಗಿನ ಆರಕ್ಕೇ ಶುರುವಾಯಿತು. ಆ ಕಾರಣ ಕರುವಿನ ಕೂಗು ತಾಯಿಗೆ ಕೇಳಲಿಲ್ಲ. ಕೇಳದ ಕಾರಣ ತಾಯಿ ಉತ್ತರಿಸಲಿಲ್ಲ. ಉತ್ತರ ಬಾರದ ಕಾರಣ ಕರು ಹೇಳದೆ ಕೇಳದೆ ಹೋಗಿ ಬಾಯಿ ಹಾಕಿ ಒದೆ ತಿಂದಿತು. ಕರುವಿನ ಕರೆ ಕೇಳದೆ ಎಮ್ಮೆಯನ್ನು ಕರೆಯಲಾಗದು. (ಈ ವಾಕ್ಯವನ್ನು ಎರಡು ಸಲ ಓದಬೇಕಾದರೆ ಮನ್ನಿಸಿ, ಚಟ.)

3. ಉಲ್ಲೇಖ 2ರಿಂದ ತಮಗೆ ಗೊತ್ತಿರುವಂತೆ ನನಗೆ ಇನ್ನೊಬ್ಬರ ಧ್ವನಿ ತೆಗೆಯುವ ಕಾಯಿಲೆ ಇದೆ. ಮಷಿನ್ನಿನ ಗದ್ದಲವನ್ನೂ ಮೀರುವಂತೆ ಗೋಡೆಯ ಹಿಂದೆ ಕೂತು ಕರುವಿನಂತೆ ಕೂಗಿದೆ. ಎಮ್ಮೆ ಹೂಂಗುಟ್ಟಿತು. ಕೂಗುತ್ತಲೇ ಹತ್ತಿರ ಹೋದೆ. ನನ್ನ ತಲೆಯನ್ನು ನೆಕ್ಕಿತು, ಪಕ್ಕದಲ್ಲಿ ಬಂದು ನಿಂತ ಕರುವನ್ನು ಒದೆಯಿತು. ಅತ್ತೆಯವರು ಚರಿಗೆ ತುಂಬ ಹಾಲು ಹಿಂಡಿ, "ಅಳಿಯಂದ್ರ, ನನ್ನ ಮಗಳು ಸೈತ ನಿಮಗ ಇಷ್ಟು ಲಗೂ ಒಲಿದಿದ್ದಿಲ್ಲ ನೋಡ್ರಿ" ಎಂದರು.

4. ಮುಂದೆ ಎರಡು ದಿನ ಓಣಿಯವರು ನೋಡಲು ನೆರೆದರು. ಚಪ್ಪಾಳೆ ಬಿತ್ತು. ಮನೆ ಅಳಿಯನಿಗೆ ಬೆಂಗೇರಿಯಲ್ಲಿ ಬಿದ್ದ ಮೊದಲ ಚಪ್ಪಾಳೆ. ಕಾರಣ ನಾನು ಬಚ್ಚಲುಮನೆಯಲ್ಲಿ ತಾಲೀಮು ಶುರು ಮಾಡಿದೆ. ಗಂಟಲು ಕೆಟ್ಟದ್ದು ಅಲ್ಲಿ.

5. ನಾಲ್ಕನೆಯ ದಿನ, ಸಂಗತಿ ತಿಳಿದ ಅಸ್ಫಾಕರು ಹಾಲು ಹಿಂಡುವ ಹೊತ್ತಿಗೆ ತಾವಾಗಿಯೇ ಮಷಿನ್ನು ನಿಲ್ಲಿಸಿದರು. ಕರು ಕೂಗಿತು. ಸಣ್ಣ, ಒಡಕು ಧ್ವನಿ. ಅದು ಮುಗಿಯುವುದರೊಳಗೆ ನಾನೂ ಕೂಗಿದೆ, ಅದಕ್ಕಿಂತ ಚೆನ್ನಾಗಿ. ಯಾರೂ ಹೇಳಿರಲಿಲ್ಲ, ಎದುರಿಗೆ ಆರೇಳು ಜನ ನಿಂತಿದ್ದರು, ಅಷ್ಟೇ ಕಾರಣ. ಎಮ್ಮೆ ನನ್ನ ಕಡೆ ತಿರುಗಿತು. ಅಸ್ಫಾಕರು ಗೋಡೆಯ ಆಚೆಯಿಂದ, "ಸರ, ನಾ ಮಷಿನ್ ಬಂದ್ ಮಾಡೇನ್ರಿ. ಇನ್ನ ಬಂದ್ ಆಗೂದು ನಿಮ್ಮದೊಂದ ಉಳದೈತಿ" ಎಂದರು.

6. ಅಂದಿನಿಂದ ಕರು ಕೂಗುವುದನ್ನೇ ಬಿಟ್ಟಿದೆ. ತಾಯಿ ಒದೆಯುವ ಕಾರಣ ನಾವು ಕುಡಿಸುವ ಬಾಟಲಿಯ ಹಾಲನ್ನು ಅರ್ಧ ಕುಡಿದು ಮುಖ ತಿರುಗಿಸುತ್ತದೆ. ಪಕ್ಕೆಲುಬುಗಳು ಎದ್ದು ಕಾಣುತ್ತಿವೆ. ನಾನು ಬಾಯಿ ಮುಚ್ಚಿ ನೋಡಿದ್ದೇನೆ, ಆದರೆ ಹಲ್ಲುಜ್ಜುವಾಗ ಕ್ಯಾಕರಿಸಿದರೂ ಎಮ್ಮೆ ಹೂಂಗುಟ್ಟುತ್ತದೆ. ನನ್ನ ಹೆಂಡತಿ ವಾಣಿಶ್ರೀ ನಿನ್ನೆ ಕರುವಿನ ಬಾಯಿ ಒರೆಸುತ್ತ ಹೇಳಿದ್ದನ್ನು ಯಥಾವತ್ತಾಗಿ ಬರೆಯುತ್ತೇನೆ, ಅಣಕಿಸುವ ಧೈರ್ಯವಿಲ್ಲ: "ನಿಮಗ ನೂರು ಧ್ವನಿ ಬರತಾವ್ರಿ. ಈ ಕೂಸಿಗೆ ಇರೂದು ಇದೊಂದ."

ಆದ್ದರಿಂದ, ಎಮ್ಮೆಯ ಕಿವಿಯಿಂದ ನಾನು ಏಳು ದಿನ ದೂರವಿರುವುದು ಅವಶ್ಯವಿರುವ ಕಾರಣ, ಉಲ್ಲೇಖ 1ನ್ನು ರದ್ದುಪಡಿಸಿ ನನ್ನನ್ನು ಶಿಬಿರಕ್ಕೆ ಕಳುಹಿಸಬೇಕಾಗಿ ವಿನಂತಿ. ಶೌಚಾಲಯದ ಗುಂಡಿ ತೋಡಲೂ ಸಿದ್ಧನಿದ್ದೇನೆ. ಹೆಬ್ಬಳ್ಳಿಯಲ್ಲಿಯೂ ಎಮ್ಮೆಗಳಿರುವುದರಿಂದ ಮನರಂಜನೆ ಕಾರ್ಯಕ್ರಮದಲ್ಲಿ ನನ್ನ ಹೆಸರು ಹಾಕಬಾರದು.

ಈ ಸಲ ಸ್ವಂತ ಧ್ವನಿಯಲ್ಲಿ,
ತಮ್ಮ ವಿಶ್ವಾಸಿ,
ಅಂಬರೀಷ

ಲಗತ್ತುಗಳು:
1) ಕರುವಿನ ಭಾವಚಿತ್ರ, ಪಕ್ಕದಿಂದ.
2) ಮಷಿನ್ನು ನಿಲ್ಲಿಸುವ ವೇಳೆ ಕುರಿತು ಅಸ್ಫಾಕರ ಸಹಿಯುಳ್ಳ ಚೀಟಿ.
3) ಗಂಟಲಿನ ಬಗ್ಗೆ ವೈದ್ಯರ ಪ್ರಮಾಣಪತ್ರ. ಅದರಲ್ಲಿ ಬರೆದ 'ಕಚೇರಿಯ ಕೆಲಸದ ಒತ್ತಡ' ಎಂಬುದು ನಾನು ಹೇಳಿ ಬರೆಸಿದ್ದು.

ವಿ.ಸೂ.: ಈ ಅರ್ಜಿಯನ್ನು ಅಸ್ಫಾಕರ ಅಂಗಡಿಯ ಕಿಟಕಿಯ ಬಳಿ ಕೂತು, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಈಗಷ್ಟೇ ಗೋಡೆಯ ಆಚೆ ಕರು ಒಂದು ಸಲ ಕೂಗಿದೆ. ಎಮ್ಮೆ ಕಿವಿ ಎತ್ತಿದೆ, ಇನ್ನೂ ಉತ್ತರ ಕೊಟ್ಟಿಲ್ಲ. ಆದಕಾರಣ ಮಂಜೂರಾತಿಯನ್ನು ದಯವಿಟ್ಟು ಫೋನ್ ಮಾಡಿ ತಿಳಿಸಬಾರದು.