ಎರಡು ಬಲಗಡೆಯ ಲಾರಿ

ರಂಗೇಶನ ಲಾರಿಗೆ ಏರು ಕಂಡರೆ ಉಬ್ಬಸ ಬರುತ್ತಿತ್ತು. ಸಪಾಟು ರಸ್ತೆಯಲ್ಲಿ ಅದು ಎಲ್ಲ ಲಾರಿಗಳ ಹಾಗೆಯೇ ಓಡುತ್ತಿತ್ತು. ಲೋಡು ಹೊತ್ತು ದಿಬ್ಬ ಹತ್ತುವಾಗ ಮಾತ್ರ, ಮದುವೆ ಊಟ ಮುಗಿಸಿ ಮಹಡಿ ಹತ್ತುವ ಮುದುಕನ ಹಾಗೆ ಏದುಸಿರು ಬಿಟ್ಟು ಅರ್ಧದಲ್ಲೇ ಆರಿಹೋಗುತ್ತಿತ್ತು. ಒಮ್ಮೆ ಆರಿದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡು ಮತ್ತೆ ಹೊತ್ತುತ್ತಿರಲಿಲ್ಲ. ರಂಗೇಶ ಕೆಳಗಿಳಿದು, ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆಯುವಷ್ಟರಲ್ಲಿ ಹಿಂದೆ ನಿಂತ ಬಸ್ಸಿನವರು ಅವನ ವಂಶದ ವಿಚಾರವನ್ನೆಲ್ಲ ಆಡಿ ಮುಗಿಸಿರುತ್ತಿದ್ದರು.

ಇಂಥ ಲಾರಿಗೆ ಕಡಲೆಕಾಯಿ ಮಿಲ್ಲಿನ ತಿಮ್ಮರಾಯಪ್ಪನವರು ಒಂದು ಅವಕಾಶ ಕೊಟ್ಟರು. ಅವರಿಗೆ ಗೌಡಗೆರೆಯಲ್ಲಿ ಮಿಲ್ಲು, ಪಾವಗಡದಲ್ಲಿ ಮಂಡಿ. ಸುಗ್ಗಿ ಮುಗಿಯುವ ತನಕ ದಿನಕ್ಕೊಂದು ಲೋಡು ಮಿಲ್ಲಿನಿಂದ ಮಂಡಿಗೆ ಹೋಗಬೇಕು.

“ಗುರುವಾರ ಒಂದು ಲೋಡು ಹಾಕಿಸ್ತೀನಿ,” ಎಂದರು ತಿಮ್ಮರಾಯಪ್ಪನವರು. “ಮಿಲ್ಲಿಂದ ಮಂಡಿವರ್ಗೂ ನಿನ್ ಇಂಜಿನ್ ಆರದಂಗೆ ಹೋದ್ರೆ ಈ ಸುಗ್ಗಿ ಪೂರಾ ನಿಂದೇ. ನಮ್ಮ ಗುಮಾಸ್ತ ಅಂಜಿನಮೂರ್ತೀನ ಜೊತೇಲಿ ಕೂರಿಸ್ತೀನಿ. ಗಾಡಿ ನಿಂತ್ರೂ ಚಿಂತೆಯಿಲ್ಲ, ಇಂಜಿನ್ ಆರಬಾರ್ದು. ಏನು?”

ರಂಗೇಶ ತಲೆಯಾಡಿಸಿದ. ಒಂದು ವರ್ಷದಿಂದ ಲಾರಿಗೆ ಕಾಯಂ ಬಾಡಿಗೆ ಇರಲಿಲ್ಲ. ಈ ಕೆಲಸವೂ ತಪ್ಪಿದರೆ ಲಾರಿಯನ್ನು ಮಾರಿ ಇನ್ನೊಬ್ಬರ ಗಾಡಿಗೆ ಡ್ರೈವರಾಗುವುದು ಎಂದು ಅವನೂ ಹೆಂಡತಿ ಯಶೋದಳೂ ಆಗಲೇ ಮಾತಾಡಿಕೊಂಡಿದ್ದರು.

ಬುಧವಾರ ಅವನು ಲಾರಿಯನ್ನು ಶಿರಾಕ್ಕೆ ಒಯ್ದು ದಸ್ತಗೀರ್ ಮಿಸ್ತ್ರಿಯ ಮುಂದೆ ನಿಲ್ಲಿಸಿದ. ಮಿಸ್ತ್ರಿ ಕೆಳಗೆ ನುಸುಳಿ, ಹೊರಗೆ ಬಂದು, ಕೈ ಒರೆಸಿಕೊಂಡರು.

“ಇದಕ್ಕೆ ಇಲಾಜ್ ಐತೆ, ರಂಗೇಶ್ ಭಾಯ್. ಇಂಜಿನ್ ಪಕ್ಕದ ಹಳೇ ಪಂಪು ಅಷ್ಟು ದೂರದಿಂದ ಡೀಜಲ್ ಎಳೆಯಕ್ಕಾಗದೆ ಸುಸ್ತಾಗೈತೆ. ಟ್ಯಾಂಕ್ ಹತ್ರಾನೇ ಒಂದು ಕರೆಂಟ್ ಪಂಪ್ ಕೂರಿಸ್ತೀನಿ, ಅದು ಹಿಂದಿನಿಂದ ತಳ್ತದೆ. ಇಂಜಿನ್ ಬೇಕಾದಷ್ಟು ಕುಡೀತದೆ. ಮಿಕ್ಕಿದ್ದು ದಪ್ಪ ರಿಟರ್ನ್ ಪೈಪಲ್ಲಿ ವಾಪಸ್ ಟ್ಯಾಂಕಿಗೇ ಬೀಳ್ತದೆ. ಗಾಳಿ ಇದ್ರೆ ಅದೂ ವಾಪಸ್. ನಿಂಗೆ ಎರಡು ಟ್ಯಾಂಕ್ ಐತಲ್ಲ, ಯಾವ ಕಡೆಗೆ ಮಾಡ್ಲಿ?”

ಯಾವ ಕಡೆಯಾದರೂ ಆದೀತು ಎಂದು ರಂಗೇಶ ಹೇಳಿದ್ದರೆ ತೊಂದರೆಯೇ ಇರಲಿಲ್ಲ. ಆದರೆ ಅವನನ್ನು ಸಾಕಿ ಬೆಳೆಸಿದವಳು ಸೋದರತ್ತೆ ಅಶ್ವತ್ಥಮ್ಮ. ಊರಿನ ರಂಗನಾಥಸ್ವಾಮಿಯ ಹೂ ಕೇಳದೆ ಅವಳು ಒಂದು ಮೇಕೆಯನ್ನು ಕೂಡ ಕೊಂಡವಳಲ್ಲ. ರಂಗೇಶ ಅವಳಿಗೆ ಫೋನು ಮಾಡಿದ. ಅವಳು ಮಡಿಯುಟ್ಟು ಗುಡಿಗೆ ಹೋದಳು. ಅರ್ಚಕರು ಸ್ವಾಮಿಯ ಎರಡು ಭುಜಗಳಿಗೂ ನೆನೆಸಿದ ಹೂವನ್ನು ಅಂಟಿಸಿದರು. ಯಾವ ಕಡೆಯ ಹೂ ಮೊದಲು ಜಾರುತ್ತದೋ ಅದೇ ಅಪ್ಪಣೆ. ಅರ್ಧ ಗಂಟೆ ಕಾದ ಮೇಲೆ ಒಂದು ಹೂ ಜಾರಿತು. “ಬಲಗಡೆ ಆಯ್ತಮ್ಮ,” ಎಂದರು ಅರ್ಚಕರು.

“ಬಲಗಡೆ ಕಣ್ಲಾ,” ಎಂದು ಅಶ್ವತ್ಥಮ್ಮ ಫೋನಿನಲ್ಲಿ ಹೇಳಿದಾಗ ರಂಗೇಶ ಸ್ಟೇರಿಂಗ್ ಹಿಂದೆ ಕೂತಿದ್ದ. ಅವನ ಬಲಗಡೆಗಿದ್ದದ್ದು ಡ್ರೈವರ್ ಕಡೆಯ ಟ್ಯಾಂಕು. ಸಂಜೆಯೊಳಗೆ ಹೊಸ ಪಂಪು ಅಲ್ಲಿ ಕೂತಿತು.

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಶ್ವತ್ಥಮ್ಮನೇ ಶಿರಾಕ್ಕೆ ಬಂದಿಳಿದಳು. ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಅವಳದೊಂದು ಹರಕೆಯಿತ್ತು. ಪಾವಗಡದವರೆಗೆ ಲಾರಿಯಲ್ಲೇ ಹೋಗುವುದೆಂದು ಹೊರಟಿದ್ದಳು. ರಂಗೇಶ ಪೈಪಿಗೆ ಹಾಕುವ ಕ್ಲಿಪ್ಪು ತರಲು ಅಂಗಡಿಗೆ ಹೋಗಿದ್ದ. ಅಶ್ವತ್ಥಮ್ಮ ಲಾರಿಯ ಮುಂದೆ ನಿಂತು, ದೇವರಿಗೆ ಮುಗಿದಂತೆ ಕೈ ಮುಗಿದಳು. ಆಮೇಲೆ ರಿಟರ್ನ್ ಪೈಪು ಹಿಡಿದುಕೊಂಡು ನಿಂತಿದ್ದ ಮಿಸ್ತ್ರಿಗೆ ತನ್ನ ಬಲಗೈ ಚಾಚಿ ತೋರಿಸಿದಳು.

“ಸಾಬ್ರೇ, ಪೈಪು ಈ ಕಡೀಕೆ.”

“ಪಂಪು ಆ ಕಡೆ ಕೂರ್ಸಿದೀನಲ್ಲಮ್ಮ.”

“ಪಂಪು ಎಲ್ಲಾನ ಕೂರ್ಸು. ಪೈಪು ಬಲಗಡೀಕೆ ಬರ್ಬೇಕು. ಸ್ವಾಮಿ ಹೂ ಕೊಟ್ಟವ್ನೆ.”

ದಸ್ತಗೀರ್ ಮಿಸ್ತ್ರಿ ದೈವಭಕ್ತರು. ದೇವರ ಹೆಸರು ಬಂದ ಮೇಲೆ ವಾದಿಸುವವರಲ್ಲ. ಬಗ್ಗಿ ನೋಡಿದರು. ಎರಡು ಟ್ಯಾಂಕುಗಳ ನಡುವೆ ಕೆಳಗಿನಿಂದ ಒಂದು ಜೋಡಣೆ ಪೈಪು ಕಂಡಿತು. ಎಡಕ್ಕೆ ಬಿದ್ದದ್ದು ತಾನಾಗಿಯೇ ಬಲಕ್ಕೆ ಹರಿಯುತ್ತದೆ, ಎಲ್ಲಿ ಬಿದ್ದರೇನು ಎಂದುಕೊಂಡರು. ಆ ಜೋಡಣೆ ಪೈಪು ನಾಲ್ಕು ವರ್ಷದ ಹಿಂದೆ ಸೋರಿತೆಂದು ರಂಗೇಶ ಅದರೊಳಗೆ ಒಂದು ಮರದ ಬಿರಡೆಯನ್ನು ಜಡಿದಿದ್ದ. ಅದು ಅವರಿಗೆ ತಿಳಿಯದು. ಕ್ಲಿಪ್ಪು ತಂದ ರಂಗೇಶ ಅದನ್ನು ಅವರ ಕೈಗೆ ಕೊಟ್ಟು, ಟೈರು ಒದ್ದು ನೋಡಿ, ಕ್ಯಾಬಿನ್ ಹತ್ತಿದ.

ಹೀಗೆ ಪಂಪು ಒಂದು ಬಲಗಡೆಗೂ ಪೈಪು ಇನ್ನೊಂದು ಬಲಗಡೆಗೂ ಸೇರಿ ಲಾರಿ ಹೊರಟಿತು.

ಶಿರಾದಲ್ಲಿ ತುಂಬಿಸಿದ್ದ ಟ್ಯಾಂಕು ಗೌಡಗೆರೆಗೆ ಬರುವಷ್ಟರಲ್ಲಿ ಕಾಲುಭಾಗಕ್ಕೆ ಇಳಿದಿತ್ತು. “ಹೊಸಾ ಪಂಪು, ಬಾಣಂತಿ ಹಸಿವು,” ಎಂದುಕೊಂಡು ರಂಗೇಶ ಅಲ್ಲಿನ ಬಂಕಿನಲ್ಲಿ ಡ್ರೈವರ್ ಕಡೆಯ ಟ್ಯಾಂಕನ್ನು ಮತ್ತೆ ಕಂಠದವರೆಗೆ ತುಂಬಿಸಿದ. ಎಡಗಡೆಯ ಟ್ಯಾಂಕನ್ನು ತೆರೆದು ನೋಡಬೇಕೆಂದು ಅವನಿಗೆ ತೋಚಲಿಲ್ಲ.

ಮಿಲ್ಲಿನಲ್ಲಿ ಮೂಟೆ ಏರಿದವು. ಅಂಜಿನಮೂರ್ತಿ ತೆಳ್ಳನೆಯ ಮನುಷ್ಯ, ಜೇಬಿನಲ್ಲಿ ಎರಡು ಪೆನ್ನು. ಹತ್ತುವ ಮೊದಲು ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಬೈಲಿನಲ್ಲಿ ಮೂರು ಫೋಟೋ ತೆಗೆದುಕೊಂಡ.

“ಫೋಟೋ ಯಾಕ್ ಸಾರ್?”

“ಸಾವ್ಕಾರ್ರು ಕೇಳ್ತಾರೆ. ಹೊರಡು.”

ಲಾರಿ ಹೊರಟಿತು. ಹೊಸ ಪಂಪು ಜೇನುಹುಟ್ಟಿನ ಹಾಗೆ ಗುಂಯ್‌ಗುಟ್ಟುತ್ತಿತ್ತು. ಮೊದಲ ಸಣ್ಣ ಏರನ್ನು ಲಾರಿ ಗೇರು ಇಳಿಸದೆಯೇ ಹತ್ತಿತು. ಹದಿನೇಳು ವರ್ಷದಲ್ಲಿ ಅದು ಹಾಗೆ ಹತ್ತಿದ್ದನ್ನು ರಂಗೇಶ ಕಂಡಿರಲಿಲ್ಲ. ಅಂಜಿನಮೂರ್ತಿಯೂ “ಪರವಾಗಿಲ್ವೇ,” ಎಂದ.

ಆಮೇಲೆ ರಂಗೇಶ ಡೀಸೆಲ್ ಮುಳ್ಳನ್ನು ನೋಡಿದ. ಅದು ಮುಕ್ಕಾಲಿನಲ್ಲಿತ್ತು. ಎರಡು ಊರು ದಾಟಿ ನೋಡಿದರೆ ಅರ್ಧಕ್ಕೆ ಬಂದಿತ್ತು. ನೋಡುತ್ತಿದ್ದರೆ ಇಳಿಯುತ್ತದೆಂದು ಅವನು ನೋಡುವುದನ್ನೇ ಬಿಟ್ಟ.

ಅಷ್ಟರಲ್ಲಿ ಬೈಕಿನವನೊಬ್ಬ ಹಾರನ್ ಹೊಡೆಯುತ್ತಾ ಪಕ್ಕಕ್ಕೆ ಬಂದ. “ಅಣ್ಣೋ, ಆ ಕಡೆ ಟ್ಯಾಂಕು ಹಾಲುಕ್ಕಿದಂಗೆ ಉಕ್ತಾ ಐತೆ. ಹಿಂದೆ ಬರೋರು ಜಾರಿ ಬೀಳ್ತಾರೆ.”

ರಂಗೇಶ ಮುಂದಿನ ಹಳ್ಳಿಯ ನೀರಿನ ಘಟಕದ ಎದುರು ಲಾರಿಯನ್ನು ಪಕ್ಕಕ್ಕೆ ತೆಗೆದ. ಇಂಜಿನ್ ಆರಿಸಲಿಲ್ಲ. ಇಳಿದು ಎಡಗಡೆಗೆ ಓಡಿದರೆ ಮುಚ್ಚಳದ ಸುತ್ತ ಡೀಸೆಲ್ ಬುಗ್ಗೆ. ಪೈಪನ್ನು ಕಣ್ಣಲ್ಲೇ ಹಿಂಬಾಲಿಸಿದ ಮೇಲೆ ಅವನಿಗೆ ಎಲ್ಲವೂ ಅರ್ಥವಾಯಿತು. ಒಂದು ಟ್ಯಾಂಕಿನಿಂದ ಎಳೆದದ್ದನ್ನೆಲ್ಲ ಪಂಪು ಇನ್ನೊಂದಕ್ಕೆ ಸುರಿಯುತ್ತಿತ್ತು. ಇಂಜಿನ್ ನಡುವೆ ನಿಂತು ಒಂದೊಂದು ಗುಟುಕು ಕುಡಿಯುತ್ತಿತ್ತು, ಅಷ್ಟೇ. ಇನ್ನು ಕಾಲು ಗಂಟೆಯಲ್ಲಿ ಡ್ರೈವರ್ ಕಡೆಯದು ಬರಿದಾಗುತ್ತದೆ. ಇಂಜಿನ್ ಆರುತ್ತದೆ. ಸುಗ್ಗಿ ಹೋಗುತ್ತದೆ.

“ಈ ಪೈಪು ಇಲ್ಲಿಗ್ಯಾಕೆ ಬಂತು?” ಎಂದ.

“ಸ್ವಾಮಿ ಬಲಗಡೆ ಅಂತ ಹೇಳ್ಲಿಲ್ವೇನ್ಲಾ?” ಎಂದಳು ಅಶ್ವತ್ಥಮ್ಮ ಕಿಟಕಿಯಿಂದ.

“ಇದು ಎಡಗಡೆ, ಅತ್ತೆ.”

“ಮುಂದ್ಗಡೆ ನಿಂತ್ಕಂಡು ನೋಡು. ಬಲಗಡೆ.”

ಅಂಜಿನಮೂರ್ತಿಯೂ ಇಳಿದು ಬಂದ. “ಅಮ್ಮ, ಗುಡೀಲಿ ಹೂ ಬಿದ್ದಿದ್ದು ಸ್ವಾಮಿಯ ಬಲಗಡೆಯೋ, ನಿಮ್ಮ ಬಲಗಡೆಯೋ?”

“ಸ್ವಾಮೀದೇ. ಭುಜ ಇರೋದು ಸ್ವಾಮೀಗೆ.”

“ಹಂಗಾದ್ರೆ ಲಾರಿ ಬಲಗಡೆ ಲಾರೀದು. ನಿಮ್ದಲ್ಲ.”

ಅಶ್ವತ್ಥಮ್ಮ ತನ್ನ ಬಲಗೈಯನ್ನೊಮ್ಮೆ, ಸ್ಟೇರಿಂಗ್ ಕಡೆಗೊಮ್ಮೆ ನೋಡಿದಳು. “ಅಂಗಾರೆ ನಂದೇ ತಪ್ಪು,” ಎಂದು ಗಲ್ಲ ಗಲ್ಲ ಬಡಿದುಕೊಂಡು, ಕೆಳಗಿಳಿದು, ರಸ್ತೆಯ ಮೇಲೆ ಚೆಲ್ಲಿದ್ದ ಡೀಸೆಲಿನ ಮೇಲೆ ಬೊಗಸೆಯಿಂದ ಮಣ್ಣು ಹಾಕತೊಡಗಿದಳು.

ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸರು ಸಾಲು ಬಿಟ್ಟು ಬಂದರು. ರಂಗೇಶ ಎಲ್ಲರಿಗಿಂತ ಮುಂದಿದ್ದವಳ ಕ್ಯಾನಿಗೆ ಕೈ ಚಾಚಿದ. ಅವಳ ಹೆಸರು ಹನುಮಕ್ಕ.

“ಅಕ್ಕಾ, ಒಂದು ಹತ್ತು ನಿಮಿಷ ಆ ಕ್ಯಾನ್ ಕೊಡಕ್ಕ. ಆ ಕಡೇದು ಈ ಕಡೆಗೆ ಹಾಕ್ಬೇಕು.”

“ಕುಡಿಯೋ ನೀರಿನ್ ಕ್ಯಾನ್ಗೆ ಡೀಜಲ್ಲಾ? ನನ್ ಗಂಡ ಅದನ್ನ ಕುಡ್ದು ನಾಳೆಯಿಂದ ಲಾರಿ ಥರ ಏರು ಹತ್ಲಿ ಅಂತಾನಾ?” ಎಂದಳು ಹನುಮಕ್ಕ. ಸಾಲಿನಲ್ಲಿದ್ದವರು ನಕ್ಕರು. ಆದರೂ ಅವಳು ಮನೆಗೆ ಹೋಗಿ, ಎಮ್ಮೆಗೆ ಕಲಗಚ್ಚು ಹಾಕುವ ಹಳೆಯ ಪೇಂಟ್ ಡಬ್ಬಿಯೊಂದನ್ನು ತಂದುಕೊಟ್ಟಳು.

ರಂಗೇಶ ಎಡಗಡೆಯ ಟ್ಯಾಂಕಿಗೆ ಪೈಪಿನ ತುಂಡು ಇಳಿಸಿ ಬಾಯಲ್ಲಿ ಎಳೆದ. ಬುದ್ಧಿಗಿಂತ ಮೊದಲು ಡೀಸೆಲ್ ಬಂತು. ಒಂದು ಬಾಯಿ ತುಂಬ ಕುಡಿದ. ಡಬ್ಬಿ ತುಂಬಿತು. ಓಡಿ ಹೋಗಿ ಬಲಗಡೆಗೆ ಸುರಿದ. ಅದು ಪಂಪಿನ ಮೂಲಕ ತಿರುಗಿ ಎಡಗಡೆಗೆ ಬಂತು. ಮತ್ತೆ ಎಳೆದ, ಮತ್ತೆ ಓಡಿದ. ಆರನೆಯ ಸುತ್ತಿಗೆ ಲಾರಿಯ ಬದಲು ಅವನಿಗೇ ಉಬ್ಬಸ ಬಂತು.

“ದೃಷ್ಟಿ ತಗುಲೈತೆ, ನಿಂಬೆಹಣ್ಣು ಇಡಿ,” ಎಂದರು ಒಬ್ಬರು. “ಲಾರೀನ ವಾಲಿಸಿ ನಿಲ್ಸಿದ್ರೆ ತಾನೇ ಹರೀತದೆ,” ಎಂದರು ಇನ್ನೊಬ್ಬರು. ಅಂಜಿನಮೂರ್ತಿ ಕ್ಯಾಬಿನ್ನಿಗೆ ಇಣುಕಿ, ಇಂಜಿನ್ ಸದ್ದಿಗೆ ಕಿವಿಗೊಟ್ಟು, “ಇನ್ನೂ ಆರಿಲ್ಲ,” ಎಂದು ಎಲ್ಲರಿಗೂ ತಿಳಿಸಿದ.

ಆಗ ರಸ್ತೆಯಾಚೆಯ ಟೊಮ್ಯಾಟೊ ತೋಟದಿಂದ ಕದರಪ್ಪ ಎಂಬ ರೈತ ಎದ್ದು ಬಂದ. ಅವನದು ತೆಲುಗು ಬೆರೆತ ಗಡಿಸೀಮೆಯ ಮಾತು.

“ಏಮಯ್ಯಾ, ಎಷ್ಟೊತ್ತಂತ ಇಂಗೆ ಓಡ್ತೀಯ? ಡೀಜಲ್ ಹೊರೋ ಬದ್ಲು ಆ ಪೈಪನ್ನೇ ಕಿತ್ತು ಈ ಕಡೆ ಟ್ಯಾಂಕಿಗೆ ಹಾಕ್ಬಾರ್ದಾ?”

ರಂಗೇಶ ಡಬ್ಬಿ ಹಿಡಿದುಕೊಂಡು ನಿಂತ. ಅಲ್ಲಿದ್ದ ಇಪ್ಪತ್ತು ಜನರಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

“ಉದ್ದ ಸಾಲಲ್ವಲ್ಲಣ್ಣ.”

“ನನ್ ಹತ್ರ ಪೈಪಿಗೇನು ಬರ?” ಎಂದು ಕದರಪ್ಪ ತೋಟಕ್ಕೆ ಹೋಗಿ ಒಂದು ಸುರುಳಿ ಪೈಪು ತಂದ. ಮಿಸ್ತ್ರಿ ಹಾಕಿದ್ದ ಪೈಪಿನ ಬಾಯಿಗೆ ಅದನ್ನು ತುರುಕಿ, ಸೈಕಲ್ ಟ್ಯೂಬು ಸುತ್ತಿ ಬಿಗಿದು, ಲಾರಿಯ ಅಡಿಯಿಂದ ಎಳೆದು ಡ್ರೈವರ್ ಕಡೆಯ ಟ್ಯಾಂಕಿಗೆ ಇಳಿಬಿಟ್ಟರು. ಅದು ಹನಿ ನೀರಾವರಿಯ ಪೈಪು. ಗೇಣಿಗೊಂದರಂತೆ ತೂತಿದ್ದವು. ಲಾರಿಯ ಉದ್ದಗಲಕ್ಕೂ ನೆಲಕ್ಕೆ ಡೀಸೆಲ್ ಹನಿಯತೊಡಗಿತು.

“ಇಲ್ಲಿ ಟೊಮ್ಯಾಟೊ ಬರಾದು ಅನುಮಾನ,” ಎಂದಳು ಹನುಮಕ್ಕ.

ಕದರಪ್ಪ ತನ್ನ ತಲೆಗೆ ತಾನೇ ಮೊಟಕಿಕೊಂಡು ಮತ್ತೆ ಓಡಿ, ಈ ಸಲ ತೂತಿಲ್ಲದ್ದನ್ನು ತಂದ. ಕಟ್ಟಿದರು. ಡೀಸೆಲ್ ಬಲಗಡೆಯಿಂದ ಹೋಗಿ ಬಲಗಡೆಗೇ ಬಂತು. ಮುಳ್ಳು ನಿಂತಲ್ಲೇ ನಿಂತಿತು. ಇಂಜಿನ್ ಅಷ್ಟು ಹೊತ್ತೂ ಒಮ್ಮೆಯೂ ತಪ್ಪದೆ ಓಡುತ್ತಿತ್ತು.

ಪಾವಗಡದ ಕಡೆಯ ದೊಡ್ಡ ಏರು ಎದುರಾಯಿತು. ಅಶ್ವತ್ಥಮ್ಮ ಕಣ್ಣು ಮುಚ್ಚಿದ್ದಳು. ರಂಗೇಶನ ಲಾರಿ ಪ್ರತಿ ಸಲವೂ ಆರುತ್ತಿದ್ದ ಹುಣಸೆಮರ ಬಂತು, ಹಿಂದಕ್ಕೆ ಹೋಯಿತು. ತಿರುವು ಬಂತು, ಅದೂ ಹೋಯಿತು. ಮೇಲೆ ಹತ್ತಿ ನೋಡಿದರೆ ಒಂದು ಬಸ್ಸು ಅವರ ಹಿಂದೆ ಉಳಿದಿತ್ತು.

ಮಂಡಿಯ ಅಂಗಳದಲ್ಲಿ ತಿಮ್ಮರಾಯಪ್ಪನವರು ಕುರ್ಚಿ ಹಾಕಿಕೊಂಡು ಕಾದಿದ್ದರು. ಅಂಜಿನಮೂರ್ತಿ ಕೆಳಗೆ ಜಿಗಿದ.

“ಸಾವ್ಕಾರ್ರೇ, ಒಂದ್ಸಲಾನೂ ಆರ್ಲಿಲ್ಲ. ದೊಡ್ಡ ಏರಿನಲ್ಲಿ ಬಸ್ಸಿಗೆ ಸೈಡ್ ಹೊಡೆದ.”

“ನಿಜವಾಗ್ಲೂ?”

“ನನ್ ಕಣ್ಣಾರೆ.”

ತಿಮ್ಮರಾಯಪ್ಪನವರು ಎದ್ದು ಬಂದು, ಮೂಟೆಗಳ ಕಡೆ ನೋಡದೆ, ಪಂಚೆ ಎತ್ತಿ ಕಟ್ಟಿ ಲಾರಿಯ ಅಡಿಗೆ ಬಗ್ಗಿದರು. ಪಂಪನ್ನು ಮುಟ್ಟಿ ನೋಡಿದರು. ಪೈಪನ್ನು ಸವರಿದರು. ಅವರ ಮುಖ ಅರಳಿತು.

“ಶಭಾಷ್ ಕಣಪ್ಪ ರಂಗೇಶ. ಮೂರ್ತಿ, ಆ ಟಾರ್ಪಾಲ್ ತೆಗ್ಸು.”

ಅಂಗಳದ ಮೂಲೆಯಲ್ಲಿದ್ದ ಟಾರ್ಪಾಲು ಸರಿಯಿತು. ಕೆಳಗೆ ಒಂದು ಲಾರಿ. ರಂಗೇಶನ ಲಾರಿಯದೇ ಮಾದರಿ, ಅದರದೇ ವಯಸ್ಸು, ಬಣ್ಣ ಮಾತ್ರ ಬೇರೆ.

“ಎರಡು ವರ್ಷದಿಂದ ಹಿಂಗೇ ಬಿದ್ದೈತೆ,” ಎಂದರು ತಿಮ್ಮರಾಯಪ್ಪನವರು. “ಏರು ಹತ್ತಿದ್ರೆ ಆರೋದು. ನಿಂದೂ ಅದೇ ರೋಗ ಅಂತ ಕೇಳಿದ್ದೆ. ಸುಗ್ಗಿ ಆಸೆಗೆ ನೀನು ಏನಾದ್ರೂ ರಿಪೇರಿ ಮಾಡಿಸ್ತೀಯ ಅಂತ ಗೊತ್ತಿತ್ತು, ಹೊಸಾ ಪಂಪ್ ಹಾಕ್ಸಿದ್ದು ನಿನ್ನೆ ಶಿರಾದಿಂದ ಸುದ್ದಿ ಬಂತು. ಅದು ಗೆಲ್ತದೋ ಇಲ್ವೋ ನೋಡೋಣ ಅಂತಿದ್ದೆ. ಗೆಲ್ತು. ಇದಕ್ಕೂ ಅದನ್ನೇ ಹಾಕ್ಸಿದ್ರೆ ಆಯ್ತು, ನಮ್ ಗಾಡಿ ನಮಗೆ.”

ರಂಗೇಶನಿಗೆ ಬಾಯಲ್ಲಿ ಇನ್ನೂ ಡೀಸೆಲ್ ವಾಸನೆಯಿತ್ತು. “ಸಾವ್ಕಾರ್ರೇ, ಸುಗ್ಗಿ ನಂದು ಅಂದಿದ್ರಲ್ಲ.”

“ಅಂದಿದ್ದೆ. ಇಲ್ಲ ಅಂತೀನಾ? ಆದ್ರೆ ಅವಾಗ ನಮ್ ಗಾಡಿ ಸತ್ತಿತ್ತಲ್ಲಪ್ಪ. ಇವತ್ತಿನ ಬಾಡಿಗೆ ಒಂದು ಪೈಸಾ ಹಿಡಿಯಲ್ಲ. ಊಟ ಮಾಡ್ಕಂಡು ಹೋಗು.” ತಿಮ್ಮರಾಯಪ್ಪನವರು ತಮ್ಮ ಲಾರಿಯ ಬಾನೆಟ್ಟನ್ನು ತಟ್ಟುತ್ತಾ ಆ ಕಡೆಗೆ ಹೋದರು.

ರಂಗೇಶ ಅಂಜಿನಮೂರ್ತಿಯ ಕಡೆ ತಿರುಗಿದ. “ದಾರೀಲಿ ಆರಿಹೋಗಿದ್ರೆ ಏನ್ ಮಾಡ್ತಿದ್ರು ಸಾರ್?”

ಅಂಜಿನಮೂರ್ತಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಆರಿದ್ರೆ ಆ ಪಂಪಿಂದ ಉಪಯೋಗ ಇಲ್ಲ ಅಂತಾಗೋದು. ನಮ್ಮದನ್ನ ಗುಜರಿಗೆ ಹಾಕಿ, ಸುಗ್ಗಿ ಪೂರಾ ನಿನ್ನೇ ಕರೀತಿದ್ರು. ಈ ರಸ್ತೆಗೆ ಬೇರೆ ಯಾರ್ ಬರ್ತಾರೆ ಹೇಳು. ನಿಂತ್ ನಿಂತ್ ಬಂದ್ರೂ ಸಂಜೆಗೆ ಬರ್ತಿದ್ದೆ.”

ಇಷ್ಟು ಹೇಳಿ ಅವನು ಮೊಬೈಲು ತೆಗೆದ. “ಆ ಶಿರಾ ಮಿಸ್ತ್ರಿ ನಂಬರ್ ಹೇಳು.”

ರಂಗೇಶ ಒಂದೊಂದೇ ಅಂಕಿ ಹೇಳಿದ. ಒಂಬತ್ತು ಅಂಕಿ ಆದ ಮೇಲೆ, ಕೊನೆಯದೊಂದನ್ನು ತಪ್ಪು ಹೇಳೋಣವೇ ಎಂದು ಅನಿಸಿತು. ಅಶ್ವತ್ಥಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಸರಿಯಾದ ಅಂಕಿಯನ್ನೇ ಹೇಳಿದ. ಪಂಪೂ ಪೈಪೂ ಒಂದೇ ಟ್ಯಾಂಕಿಗೆ ಹಾಕಿಸಿ ಎಂದೂ ಸೇರಿಸಿದ.

ಆಮೇಲೆ ಕ್ಯಾಬಿನ್ ಹತ್ತಿ, ಬೆಳಗಿನಿಂದ ಓಡುತ್ತಲೇ ಇದ್ದ ಇಂಜಿನ್ನನ್ನು ಆರಿಸಿದ.