ಬಿದ್ದದ್ದು ಬಿದ್ದ ಹಾಗೇ

ಕ್ಯಾಮೆರಾ ಹಿಡಿದವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ವಿಳಾಸ ಕೇಳಿಕೊಂಡು ಬರುತ್ತದೆ. ದೆಹಲಿಗೆ ಪಾಠ ಹೇಳಲು ಬಂದ ನನಗೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಒಂದು ಹುಚ್ಚು ಹಿಡಿಯಿತು. ಮರದಡಿ ಉದುರಿದ ಹೂವು, ಒಣಗಿದ ಎಲೆ, ಒಡೆದ ಕಾಯಿ, ಇವನ್ನು ಮುಟ್ಟದೆ, ಬಿದ್ದ ಹಾಗೇ ಫೋಟೋ ತೆಗೆಯುವುದು. ಕೆಲವು ಬಣ್ಣದಲ್ಲಿ, ಕೆಲವು ಕಪ್ಪು-ಬಿಳುಪಿನಲ್ಲಿ. ಯಾರಾದರೂ ಒಬ್ಬರು, ಒಬ್ಬರೇ ಸಾಕು, ಒಂದು ಚಿತ್ರದ ಮುಂದೆ ನಿಂತು ನೋಡಲಿ ಎಂಬುದಷ್ಟೇ ನನ್ನ ಆಸೆ. ಹೆಂಡತಿಯ ಮೇಲೆ ಭರವಸೆಯಿರಲಿಲ್ಲ. ಅವಳು, "ರೀ, ಈ ಕಸದ ಆಲ್ಬಮ್ ಎಲ್ಲಿಡಲಿ?" ಎಂದು ಕೇಳುವವಳು.

ಕಂಪ್ಲೇಂಟ್

ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನ ಎದುರು ಒಂದು ಬೂರುಗದ ಮರ. ಒಂದು ಬೆಳಿಗ್ಗೆ ಅದರ ಕೆಂಪು ಹೂವೊಂದು ಒಣ ಎಲೆಗಳ ಮೇಲೆ ಎಷ್ಟು ಚಂದ ಬಿದ್ದಿತ್ತೆಂದರೆ, ನಿಂತಲ್ಲೇ ಬಗ್ಗಿ ಕ್ಯಾಮೆರಾ ಹೊಂದಿಸತೊಡಗಿದೆ. ಅಷ್ಟರಲ್ಲಿ ಕಸ ಗುಡಿಸುವವನು ಓಡಿ ಬಂದ. "ಸಾಬ್, ಕಂಪ್ಲೇಂಟ್ ಮತ್ ಕೀಜಿಯೇ!" ಎಂದು, ದೂರು ಕೊಡಬೇಡಿರೆಂದು ಅಂಗಲಾಚುತ್ತಾ ಹೂವು, ಎಲೆ ಎಲ್ಲವನ್ನೂ ಗುಡಿಸಿಬಿಟ್ಟ. ಅಂದಿನಿಂದ ನಾನು ಎಲ್ಲಿ ಬಗ್ಗಿದರೂ ಅಲ್ಲಿ ಪೊರಕೆ ಹಾಜರು. ಅಳು ಬರುವಂತಾಗಿತ್ತು.

ವಾರದೊಳಗೆ ಪಕ್ಕದ ಬ್ಲಾಕಿನ ಅಂಕಲ್ ಮನೆಗೇ ಬಂದರು. "ಪ್ರೊಫೆಸರ್ ಸಾಬ್, ನಮ್ಮ ಗೇಟಿನ ಹತ್ತಿರ ಯಾರೂ ಗುಡಿಸುತ್ತಿಲ್ಲ. ನಾಳೆ ಬಂದು ಒಂದು ಫೋಟೋ ತೆಗೆದುಬಿಡಿ."

ಯಾರೂ ಇಲ್ಲ

ಕರೋಲ್ ಬಾಗ್‌ನ ಸ್ಟುಡಿಯೋದಲ್ಲಿ ಒಂದು ರೋಲ್ ತೊಳೆಯಲು ಕೊಟ್ಟಿದ್ದೆ. ತರಲು ಹೋದರೆ ಕವರಿನಲ್ಲಿ ಒಂದೇ ಫೋಟೋ.

"ಭಯ್ಯಾ, ಉಳಿದವು?"

"ಅವುಗಳಲ್ಲಿ ಯಾರೂ ಇಲ್ಲವಲ್ಲ ಸಾಬ್. ಬಟನ್ ತಪ್ಪಿ ಒತ್ತಿದ್ದೀರಿ ಅಂದುಕೊಂಡು ಪ್ರಿಂಟ್ ಹಾಕಲಿಲ್ಲ."

ಹಾಕಿದ್ದು ಯಾವುದಪ್ಪಾ ಎಂದು ನೋಡಿದೆ. ಒಣ ಎಲೆಗಳ ಅಂಚಿನಲ್ಲಿ ನನ್ನ ಹವಾಯಿ ಚಪ್ಪಲಿ, ಅದರೊಳಗೆ ನನ್ನ ಹೆಬ್ಬೆರಳು.

"ಇದು ಮಾತ್ರ ಬಹುತ್ ಬಢಿಯಾ ಬಂದಿದೆ ಸಾಬ್," ಎಂದ. "ದೊಡ್ಡದು ಮಾಡಿಸೋಣವಾ?"

ಕನ್ನಡದಲ್ಲೇ ಇರಲಿ

ಕೊನೆಗೂ ನಮ್ಮ ಬಡಾವಣೆಯ ಕನ್ನಡ ಬಳಗದವರು ಜನವರಿಯಲ್ಲಿ ಒಂದು ಭಾನುವಾರ ಹಾಲ್ ಕೊಟ್ಟರು. ಆಹ್ವಾನಕ್ಕೆ, ಅಲುಗಾಡದ ವಸ್ತುಗಳ ಚಿತ್ರಗಳು ಎಂಬ ಅರ್ಥದಲ್ಲಿ, 'ಸ್ಟಿಲ್ ಲೈಫ್' ಎಂದು ಬರೆದುಕೊಟ್ಟಿದ್ದೆ. ಕಾರ್ಯದರ್ಶಿಗಳು, "ಛೇ ಛೇ, ನಮ್ಮವರಿಗೆ ಕನ್ನಡದಲ್ಲೇ ಇರಲಿ ಸಾರ್," ಎಂದು ತಾವೇ ಅನುವಾದಿಸಿ ಎಲ್ಲರಿಗೂ ಹಂಚಿದರು: 'ಸ್ತಬ್ಧಚಿತ್ರ ಪ್ರದರ್ಶನ'. ಗಣರಾಜ್ಯೋತ್ಸವದ ತಿಂಗಳು, ಅದೂ ದೆಹಲಿ. ಆ ಪದ ಓದಿದರೆ ಜನಕ್ಕೆ ಏನು ನೆನಪಾಗುತ್ತದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹಾಲ್ ತುಂಬಿತು! ಸ್ವೆಟರ್, ಮಂಕಿ ಕ್ಯಾಪ್, ಮಕ್ಕಳುಮರಿ ಸಮೇತ ಬಂದಿದ್ದರು. ನನ್ನ ಕಣ್ಣಲ್ಲಿ ನೀರು.

"ಪಪ್ಪಾ, ಪರೇಡ್ ವಾಲಾ ಟ್ರಕ್ ಕಿಧರ್ ಹೈ?" ಎಂದಿತು ಒಂದು ಮಗು.

"ಕರ್ನಾಟಕದ್ದು ಎಲ್ಲಿಟ್ಟಿದ್ದಾರ್ರೀ?" ಎಂದರು ಒಬ್ಬರು. "ಬರೀ ಎಲೆಗಳು! ಚಲೋ, ಚಲೋ," ಎಂದು ಮಕ್ಕಳನ್ನು ಬಾಗಿಲ ಕಡೆ ಹೊರಡಿಸಿದರು ಇನ್ನೊಬ್ಬರು. ಚಹಾ ಮುಗಿಯುವಷ್ಟರಲ್ಲಿ ಹಾಲ್ ಖಾಲಿ. ಇಷ್ಟು ವರ್ಷ ಬಗ್ಗಿ ಬಗ್ಗಿ ಬಂದ ಸೊಂಟನೋವಷ್ಟೇ ನನಗೆ ಉಳಿಯಿತು ಎಂದುಕೊಂಡು ಗೋಡೆಯ ಚಿತ್ರಗಳನ್ನು ಇಳಿಸಲು ಹೊರಟೆ.

ಮೂಲೆಯಲ್ಲಿ ಒಬ್ಬ ಹಿರಿಯರು ಉಳಿದಿದ್ದರು. ಕಪ್ಪು-ಬಿಳುಪಿನ ಒಂದು ಒಣ ಎಲೆಯ ಮುಂದೆ ನಿಂತಿದ್ದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹತ್ತಿರ ಹೋಗಿ ಮತ್ತೆ ನೋಡಿದರು. ಒಬ್ಬರು ಸಿಕ್ಕರು! ಮೆಲ್ಲಗೆ ಹೋಗಿ ಅವರ ಪಕ್ಕದಲ್ಲಿ ಕೈಕಟ್ಟಿ ನಿಂತೆ.

ಅವರು ನನ್ನತ್ತ ತಿರುಗಿ, "ತುಂಬಾ ಚೆನ್ನಾಗಿದೆ ಕಣ್ರೀ," ಎಂದರು. "ಇದು ಯಾವ ರಾಜ್ಯದ್ದು? ಪಾಪ, ಇನ್ನೂ ಬಣ್ಣ ಹಚ್ಚೇ ಇಲ್ವಲ್ಲ!"